ಅಪ್ಪನ ವಾಕ್ಯ ಮುಗಿಯುವ ಮುನ್ನ

ನನ್ನ ಅಣ್ಣ ಮಹೇಶ ಜನರಿಗೆ ನಿಧಾನವನ್ನು ಕಲಿಸುತ್ತಾನೆ. ಇದು ಹವ್ಯಾಸವಲ್ಲ, ಉದ್ಯೋಗ. ಜಯನಗರದ ಒಂದು ಮನೆಯ ಮೂರನೆಯ ಮಹಡಿಯ ಹಾಲ್‌ನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಇದಕ್ಕಾಗಿ ಜನ ಸೇರುತ್ತಾರೆ. ಒಂದೇ ಒಂದು ಒಣದ್ರಾಕ್ಷಿಯನ್ನು ನಾಲಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುತ್ತಾರೆ. ಬರಿಗಾಲಿನಲ್ಲಿ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ, ಹೆಜ್ಜೆಯ ಮೇಲೆ ಹೆಜ್ಜೆಯಿಡುತ್ತ ನಡೆಯುತ್ತಾರೆ. ಕಾಲ ನಮ್ಮ ಶತ್ರುವಲ್ಲ, ಅತಿಥಿ ಎಂದು ಅವನ ಹಿಂದೆಯೇ ಹೇಳುತ್ತಾರೆ. ಅನಂತರ ಕೆಳಗಿಳಿದು, ತಮ್ಮ ಕಾರಿಗೆ ಅಡ್ಡವಾಗಿ ಗಾಡಿ ನಿಲ್ಲಿಸಿದವನು ಬರುವವರೆಗೂ ಎಡೆಬಿಡದೆ ಹಾರ್ನ್ ಒತ್ತುತ್ತಾರೆ.

ಮೂರು ವರ್ಷಗಳ ಹಿಂದಿನವರೆಗೆ ಇದೇ ಮಹೇಶ, ಕೊತ್ತಂಬರಿ ಸೊಪ್ಪನ್ನು ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ತಲುಪಿಸುವ ಕಂಪನಿಯೊಂದರಲ್ಲಿ, ಹನ್ನೊಂದನೆಯ ನಿಮಿಷಕ್ಕೆ ತಲುಪಿಸಿದವರನ್ನು ಬೈಯುವ ಹುದ್ದೆಯಲ್ಲಿದ್ದ. ಒಂದು ದಿನ ಎದೆ ಹೊಡೆದುಕೊಳ್ಳತೊಡಗಿತು. ಡಾಕ್ಟರು ರಜೆ ಹಾಕಲು ಹೇಳಿದರು. ರಜೆಯಲ್ಲಿ ಒಂದು ರೆಸಾರ್ಟಿಗೆ ಹೋಗಿ, ಹಗ್ಗದ ತೂಗುಮಂಚದಲ್ಲಿ ಮಲಗಿ, ಕಾಲದ ನಿಜಸ್ವರೂಪವನ್ನು ಕಂಡುಕೊಂಡ. ಅದಕ್ಕೆ ಒಂದು ವಾರಾಂತ್ಯ ಸಾಕಾಯಿತು. ಇಷ್ಟು ಅವಸರವಾಗಿ ನಿಧಾನವನ್ನು ಕಲಿತ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಅವನ ಹಾಲ್‌ನ ಮೂಲೆಯಲ್ಲಿ ಬುದ್ಧನ ತಲೆಯೊಂದಿದೆ. ತಲೆ ಮಾತ್ರ. ಜರಗನಹಳ್ಳಿಯ ನಮ್ಮ ಮನೆಯಲ್ಲಿ ನಾನು ಹುಟ್ಟುವ ಮೊದಲಿನಿಂದಲೂ ಬುದ್ಧನಿದ್ದಾನೆ, ಅವನಿಗೆ ಕೈಕಾಲುಗಳೂ ಇವೆ. ಕತ್ತಿನವರೆಗೆ ಕತ್ತರಿಸಿದ ಬುದ್ಧನ ಪಕ್ಕದಲ್ಲಿ ಕುಳಿತು ಕರುಣೆಯ ಬಗ್ಗೆ ಮಾತನಾಡಲು ನನ್ನ ಅಣ್ಣನಿಗೆ ಯಾವ ಮುಜುಗರವೂ ಆಗುವುದಿಲ್ಲ.

ನಾನು ಸಂಘಮಿತ್ರಾ, ಭೌತಶಾಸ್ತ್ರದ ಪದವೀಧರೆ. ಜೆ.ಪಿ. ನಗರದ ಒಂದು ಸಣ್ಣ ಪ್ರಯೋಗಾಲಯದಲ್ಲಿ ತಾಪಮಾಪಕಗಳ ನಿಖರತೆಯನ್ನು ಪರೀಕ್ಷಿಸುತ್ತೇನೆ. ಈ ಕೆಲಸದ ಮೊದಲ ಪಾಠವೆಂದರೆ, ಮಾಪಕವನ್ನು ದ್ರವಕ್ಕೆ ಇಳಿಸಿದ ಕೂಡಲೇ ಓದಬಾರದು. ಅದು ಸುತ್ತಲಿನ ಶಾಖಕ್ಕೆ ಹೊಂದಿಕೊಂಡು ಸ್ಥಿರವಾಗುವವರೆಗೆ ಕಾಯಬೇಕು. ಮೊದಲೇ ಓದಿದರೆ ಒಂದು ಸಂಖ್ಯೆ ಸಿಗುತ್ತದೆ, ಆದರೆ ಅದು ಸುಳ್ಳು ಸಂಖ್ಯೆ. ಈ ಕಾಯುವಿಕೆಗೆ ನಮ್ಮಲ್ಲಿ ಯಾರೂ ಅಣ್ಣನ ಹಾಲ್‌ನಲ್ಲಿರುವಂತೆ ಬಿದಿರಿನ ಚಾಪೆ ಹಾಸಿಕೊಡುವುದಿಲ್ಲ, ನಿಂತುಕೊಂಡೇ ಕಾಯುತ್ತೇವೆ.

ಅಪ್ಪ ಯಲ್ಲಯ್ಯ ಕನಕಪುರ ರಸ್ತೆಯ ಬಸ್ಸುಗಳಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು. ಈ ವರ್ಷದ ಬೇಸಿಗೆಯಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಲಗಾಲುಗಳ ಶಕ್ತಿ ಅರ್ಧ ಹೋಯಿತು, ಮಾತು ಬಹುತೇಕ ಹೋಯಿತು. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಹೇಳಬೇಕಾದದ್ದೂ ಅವರೊಳಗೆ ಇತ್ತು, ಆದರೆ ಅಲ್ಲಿಂದ ನಾಲಗೆಗೆ ಬರುವ ದಾರಿ ಕೆಟ್ಟಿತ್ತು. ಒಂದು ಪದ ಹೊರಬರಲು ಇನ್ನೊಬ್ಬರು ಒಂದು ಲೋಟ ನೀರು ಕುಡಿದು ಮುಗಿಸುವಷ್ಟು ಹೊತ್ತು ಬೇಕಾಗುತ್ತಿತ್ತು. ಅಷ್ಟು ಹೊತ್ತನ್ನು ಅವರಿಗೆ ಕೊಡುವವರು ಯಾರೂ ಇರಲಿಲ್ಲ.

"ಅ... ಅದು..." ಎಂದು ಅಪ್ಪ ಆರಂಭಿಸಿದರೆ ಸಾಕು, ಅಮ್ಮ ಈಶ್ವರಮ್ಮ ಅಡುಗೆಮನೆಯಿಂದ ಓಡಿಬರುತ್ತಿದ್ದಳು.

"ಏನು? ಕಾಫಿನಾ? ಫ್ಯಾನ್ ಹಾಕ್ಲಾ? ಬಾತ್‌ರೂಮಾ? ಬೆನ್ನು ನೋಯ್ತಿದ್ಯಾ? ಕಾಫಿನೇ ಅಲ್ವಾ?"

ಆ ಪ್ರೀತಿಯ ದಾಳಿಯನ್ನು ನಿಲ್ಲಿಸಲು ಅಪ್ಪ ಯಾವುದೋ ಒಂದಕ್ಕೆ ತಲೆಯಾಡಿಸುತ್ತಿದ್ದರು. ಹೀಗಾಗಿ ಆ ದಿನಗಳಲ್ಲಿ ಅವರು ಬೇಡದ ಕಾಫಿಯನ್ನು ಬಹಳ ಕುಡಿದರು.

ಆಸ್ಪತ್ರೆಯ ವಾಕ್‌ಚಿಕಿತ್ಸಕಿ ಅನ್ನಪೂರ್ಣ, ಬಾಗಲಕೋಟೆಯ ಕಡೆಯ ಹುಡುಗಿ, ಮೊದಲ ದಿನವೇ ಅಮ್ಮನ ರೋಗವನ್ನು ಕಂಡುಹಿಡಿದಳು.

"ಅಮ್ಮಾರ, ಪೇಷಂಟ್ ಅವರೋ ನೀವೋ? ನಾ ಕೇಳೋದು ಅವರನ್ನ, ಹೇಳೋರು ನೀವು. ಸ್ವಲ್ಪ ತಡೀರಿ, ಅವರಽ ಹೇಳ್ಲಿ."

ವಾರಕ್ಕೆ ಎರಡು ದಿನ ಅಭ್ಯಾಸ. ಮಿದುಳಿಗೆ ಪೆಟ್ಟಾದ ಮೇಲಿನ ಮೊದಲ ಕೆಲವು ತಿಂಗಳುಗಳಲ್ಲಿ ಸುಧಾರಣೆ ವೇಗವಾಗಿರುತ್ತದೆ, ಆಮೇಲೆ ಅದು ನಿಲ್ಲುವುದಿಲ್ಲವಾದರೂ ಕಷ್ಟವಾಗುತ್ತ ಹೋಗುತ್ತದೆ ಎಂದು ಅವಳು ವಿವರಿಸಿದಳು. ಚಿತ್ರ ತೋರಿಸಿ ಹೆಸರು ಕೇಳುವುದು, ಎರಡು ಪದಗಳನ್ನು ಜೋಡಿಸುವುದು, ಇಂಥ ಅಭ್ಯಾಸಗಳು. ಅಪ್ಪ ಬೆವರುತ್ತಿದ್ದರು. ಆದರೂ ಆಸ್ಪತ್ರೆಗೆ ಹೋಗುವ ದಿನ ತಾವೇ ಮೊದಲು ಎದ್ದು ಬಾಗಿಲ ಬಳಿ ಕುಳಿತಿರುತ್ತಿದ್ದರು.

ಎಲ್ಲವನ್ನೂ ಕೆಡಿಸಿದ್ದು ಒಂದು ಹುಣ್ಣಿಮೆ.

ಪ್ರತಿ ಹುಣ್ಣಿಮೆಯ ಸಂಜೆ ನಮ್ಮ ಬೀದಿಯ ಬೌದ್ಧ ಮನೆಗಳವರು ಒಂದೆಡೆ ಸೇರಿ ವಂದನೆ ಮಾಡುತ್ತಾರೆ. ತ್ರಿಶರಣ, ಪಂಚಶೀಲಗಳನ್ನು ಹೇಳಿಕೊಡುತ್ತಿದ್ದವರು ಅಪ್ಪ. ಆ ಸಂಜೆ ಅವರನ್ನು ಸುಮ್ಮನೆ ಮುಂದಿನ ಸಾಲಿನಲ್ಲಿ ಕೂರಿಸಿದೆವು. ಎಲ್ಲರೂ ಆರಂಭಿಸಿದರು. ಅಪ್ಪನ ತುಟಿ ಅಲುಗಿತು. ಅನಂತರ, ತಡವರಿಕೆಯಿಲ್ಲದೆ, ಹಳೆಯ ಗಟ್ಟಿ ಧ್ವನಿಯಲ್ಲಿ, "ಬುದ್ಧಂ ಶರಣಂ ಗಚ್ಛಾಮಿ" ಎಂದು ಮೊದಲಾಗಿ ಕೊನೆಯವರೆಗೆ ಪೂರ್ತಿ ಹೇಳಿದರು. ಅಮ್ಮ ಅಲ್ಲಿಯೇ ಅತ್ತಳು. ಅಪ್ಪನಿಗೆ ಮಾತು ಬಂತೆಂದು ಬೀದಿಯೆಲ್ಲ ಸುದ್ದಿಯಾಯಿತು.

ಮಾತು ಬಂದಿರಲಿಲ್ಲ. ಜೀವನವಿಡೀ ಬಾಯಿಪಾಠವಾದದ್ದು ಮಿದುಳಿನಲ್ಲಿ ಬೇರೆ ದಾರಿಯಲ್ಲಿ ಓಡುತ್ತದೆ. ಮಾತು ಕಳೆದುಕೊಂಡವರೂ ಒಂದರಿಂದ ಹತ್ತರವರೆಗೆ ಎಣಿಸುತ್ತಾರೆ, ವಾರಗಳ ಹೆಸರು ಹೇಳುತ್ತಾರೆ. ಅದೇ ಸಂಜೆ ಮನೆಗೆ ಬಂದ ಮೇಲೆ ಅಪ್ಪ ನೀರು ಕೇಳಲು ಪರದಾಡಿದರು. ಇದನ್ನು ನಾನು ಅಮ್ಮನಿಗೆ ವಿವರಿಸಿದೆ. ಅವಳು ಅರ್ಧ ಒಪ್ಪಿದಳು. ಅಷ್ಟರಲ್ಲಿ ಅಣ್ಣ ಬಂದ.

"ನೋಡ್ದ್ಯಾ? ನಾನೇನ್ ಹೇಳ್ದೆ? ಬಾಡಿಗೆ ಅದರದ್ದೇ ಒಂದು ಕ್ಲಾಕ್ ಇರುತ್ತೆ. ಸುಮ್ನೆ ಬಿಟ್ರೆ ಹೀಲ್ ಆಗುತ್ತೆ. ಆ ಆಸ್ಪತ್ರೇಲಿ ಏನ್ ಮಾಡ್ತಾರೆ? ಟಾರ್ಗೆಟ್ ಕೊಡ್ತಾರೆ. ಈ ವಾರ ಇಷ್ಟು ಪದ, ಮುಂದಿನ ವಾರ ಅಷ್ಟು ಪದ. ಅಪ್ಪ ಬೆವರ್ತಾನೆ. ಅದು ಥೆರಪಿನಾ? ಸೇಲ್ಸ್ ಟೀಮಾ?"

"ಮಂತ್ರ ಬಂದಿದೆ, ಮಾತು ಬಂದಿಲ್ಲ. ಈ ತಿಂಗಳುಗಳು ಹೋದ್ರೆ ಮತ್ತೆ ಸಿಗಲ್ಲ," ಎಂದೆ.

"ಸಂಘು, ನೀನು ಯಾವಾಗ್ಲೂ ಡೆಡ್‌ಲೈನ್ ಮೈಂಡ್‌ಸೆಟ್ಟಲ್ಲೇ ಇರ್ತೀಯ. ಚಿಲ್ ಮಾಡು. ಅಪ್ಪಾ, ನಿಂಗೆ ಅಲ್ಲಿಗೆ ಹೋಗಕ್ಕೆ ಇಷ್ಟನಾ?"

ಅಪ್ಪ ಬಾಯಿ ತೆರೆದರು. ಕತ್ತಿನ ನರ ಉಬ್ಬಿತು.

"ಇಲ್ಲ ಅಂತೆ. ಮುಖ ನೋಡು, ಎಷ್ಟು ಸ್ಟ್ರೆಸ್," ಎಂದ ಅಣ್ಣ. ಅವನ ಮೊಬೈಲು ಗುಂಯ್‌ಗುಟ್ಟಿತು. ಅಪ್ಪ ಇನ್ನೂ ಬಾಯಿ ತೆರೆದುಕೊಂಡಿದ್ದಂತೆಯೇ ಎದ್ದುಹೋದ.

ಆಸ್ಪತ್ರೆಗೆ ಎರಡು ಬಸ್ ಬದಲಾಯಿಸಬೇಕಾಗಿತ್ತು. ಅಮ್ಮನಿಗೆ ಮಂಡಿನೋವು. ಹೋಗದಿರುವುದಕ್ಕೆ ಒಂದು ತತ್ವವೇ ಸಿಕ್ಕಿದ ಮೇಲೆ ಅವಳು ಹೋಗಲಿಲ್ಲ. ನನಗೆ ಪ್ರಯೋಗಾಲಯದಲ್ಲಿ ವಾರದ ದಿನ ರಜೆ ಸಿಗುತ್ತಿರಲಿಲ್ಲ. ಹೀಗೆ ಒಂದು ವಾರ ತಪ್ಪಿತು, ಇನ್ನೊಂದು ತಪ್ಪಿತು, ತಿಂಗಳಾಯಿತು. ಆಸ್ಪತ್ರೆಯ ದಿನಗಳಲ್ಲಿ ಅಪ್ಪ ಮಾತ್ರ ಬೆಳಿಗ್ಗೆಯೇ ಬಾಗಿಲ ಬಳಿ ಹೋಗಿ ಕುಳಿತುಕೊಳ್ಳುತ್ತಿದ್ದರು. ಅಮ್ಮ ಅಲ್ಲಿಗೇ ಕಾಫಿ ತಂದುಕೊಡುತ್ತಿದ್ದಳು.

ಆಮೇಲೆ ಅಣ್ಣನಿಗೆ ಒಂದು ಆಲೋಚನೆ ಹೊಳೆಯಿತು. ಅವನ ಆಲೋಚನೆಗಳು ಯಾವಾಗಲೂ ಹೊಳೆಯುತ್ತವೆ, ಬೆಳೆಯುವುದಿಲ್ಲ. ಭಾನುವಾರದ ಶಿಬಿರಕ್ಕೆ ಅಪ್ಪನನ್ನು ಕರೆದೊಯ್ದು, ಜನರೆದುರು ವಂದನೆ ಹೇಳಿಸುವುದು. ಕಾಲಕ್ಕೆ ಶರಣಾದವರಿಗೆ ಮಾತು ತಾನಾಗಿ ಮರಳುತ್ತದೆ ಎಂಬುದಕ್ಕೆ ಜೀವಂತ ಪುರಾವೆ. ಅಮ್ಮ ಹೊಸ ಸೀರೆ ಉಟ್ಟಳು. ಅಪ್ಪನನ್ನು ಒಬ್ಬರನ್ನೇ ಅವನ ಕೈಗೆ ಒಪ್ಪಿಸಲು ಮನಸ್ಸಿಲ್ಲದೆ ನಾನೂ ಹೋದೆ.

ಮೂರು ಮಹಡಿ ಹತ್ತಬೇಕಾಗಿತ್ತು. "ನಿಧಾನ, ನಿಧಾನ," ಎನ್ನುತ್ತ ಅಣ್ಣ ನಮಗಿಂತ ಒಂದು ಮಹಡಿ ಮುಂದಿದ್ದ.

ಹಾಲ್ ತುಂಬಿತ್ತು. ಎಲ್ಲರೂ ತಿಳಿಬಣ್ಣದ ಹತ್ತಿಬಟ್ಟೆ ತೊಟ್ಟಿದ್ದರು. ನಿಧಾನಕ್ಕೂ ಒಂದು ಸಮವಸ್ತ್ರವಿದೆಯೆಂದು ನನಗೆ ತಿಳಿದಿರಲಿಲ್ಲ. ಅಪ್ಪನನ್ನು ಬುದ್ಧನ ತಲೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಲಾಯಿತು. ಅಣ್ಣ ಮೊದಲ ಸಾಲನ್ನು ಎತ್ತಿಕೊಟ್ಟ. ಅಪ್ಪ ಉಳಿದದ್ದನ್ನು ತಪ್ಪಿಲ್ಲದೆ ಹೇಳಿದರು. ಯಾರೋ ಕಣ್ಣೊರೆಸಿಕೊಂಡರು. ಯಾರೋ ವಿಡಿಯೊ ಮಾಡಿದರು.

"ಇವರಿಗೆ ಒಂದು ಪದಾನೂ ಬರ್ತಿರ್ಲಿಲ್ಲ," ಎಂದ ಅಣ್ಣ, ಶಿಬಿರಕ್ಕೆಂದೇ ಇಟ್ಟುಕೊಂಡ ತಗ್ಗುದನಿಯಲ್ಲಿ. "ನಾವೇನೂ ಮಾಡ್ಲಿಲ್ಲ. ಜಸ್ಟ್ ಟೈಮ್ ಕೊಟ್ವಿ."

ಏನೂ ಮಾಡಲಿಲ್ಲ ಎಂಬುದು ನಿಜವಾಗಿತ್ತು.

ಚಪ್ಪಾಳೆ ನಿಂತ ಮೇಲೆ ಮುಂದಿನ ಸಾಲಿನ ಮಹಿಳೆಯೊಬ್ಬರು ಕೈ ಎತ್ತಿದರು. ಜಯಶೀಲಾ ಎಂದು ಹೆಸರು ಹೇಳಿಕೊಂಡರು, ಬ್ಯಾಂಕಿನಿಂದ ದೀರ್ಘ ರಜೆಯಲ್ಲಿದ್ದರಂತೆ. ಅವರು ಅಣ್ಣನನ್ನು ಬಿಟ್ಟು ಅಪ್ಪನನ್ನೇ ನೋಡಿ ಕೇಳಿದರು.

"ಸಾರ್, ಈಗ ನಿಮ್ಗೆ ಏನು ಬೇಕು ಅನ್ಸುತ್ತೆ?"

ಅಪ್ಪ ನೆಟ್ಟಗೆ ಕುಳಿತರು. "ನ... ನಂ..."

"ನಮ್ಮಪ್ಪಂಗೆ ಈಗ ಏನೂ ಬೇಡ ಮೇಡಂ," ಎಂದ ಅಣ್ಣ. "ಅದೇ ಇದರ ಬ್ಯೂಟಿ."

ಜನ ನಕ್ಕರು. ಅಪ್ಪ ತಲೆಯನ್ನು ಅಡ್ಡಡ್ಡ ಆಡಿಸಿದರು. ಎಡಗೈ ಮೇಲೆತ್ತಿ ಅಣ್ಣನನ್ನು ತಡೆದರು.

"ಅವ್ರು ಇನ್ನೂ ಮುಗ್ಸಿಲ್ಲ. ಕಾಯಿರಿ," ಎಂದೆ.

ಕಾಯುವುದನ್ನು ಕಲಿಯಲೆಂದೇ ಬಂದಿದ್ದ ಆ ಜನ ಕಾದ ರೀತಿಯನ್ನು ನಾನು ಮರೆಯಲಾರೆ. ಮೊದಲು ಎಲ್ಲರ ಮುಖದ ಮೇಲೂ ಪ್ರೋತ್ಸಾಹದ ಒಂದು ನಗು ಬಂತು, ಮಗುವೊಂದು ಹೆಜ್ಜೆಯಿಡುವುದನ್ನು ನೋಡುವವರಂತೆ. ಆ ನಗು ಬೇಗ ಒಣಗಿತು. ಅನಂತರ ಊಹೆಗಳು ಶುರುವಾದವು.

"ಶಾಂತಿ?" ಎಂದರು ಒಬ್ಬರು.

"ನೆಮ್ಮದಿ ಇರ್ಬೇಕು."

"ಪ್ರೆಸೆಂಟ್ ಮೊಮೆಂಟ್ ಅಂತಿದಾರೆ ಅನ್ಸುತ್ತೆ ಗುರು," ಎಂದ ಹಿಂದಿನ ಸಾಲಿನ ಯುವಕ.

"ಬಾತ್‌ರೂಮಾ?" ಎಂದಳು ಅಮ್ಮ.

"ಅಯ್ಯೋ, ಎಲ್ರೂ ಒಂಚೂರು ಸುಮ್ನಿರ್ರೀ!" ಎಂದರು ಜಯಶೀಲಾ. "ಕೇಳಿದ್ದು ನಾನು, ನಂಗೆ ಉತ್ತರ ಬೇಕು."

ಹಾಲ್ ಸುಮ್ಮನಾಯಿತು. ಆ ಮಹಡಿಗೆ ನಿಜವಾದ ಮೌನ ಬಂದದ್ದು ಅದೇ ಮೊದಲಿರಬೇಕು, ಏಕೆಂದರೆ ಯಾರಿಗೂ ಅದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಕೆಲವರು ಚಾಪೆಯ ಎಳೆ ಕಿತ್ತರು. ಅಣ್ಣ ಕೈಗಡಿಯಾರದತ್ತ ಕಳ್ಳನೋಟ ಬೀರಿದ. ಅಪ್ಪನ ಹಣೆಯಲ್ಲಿ ಬೆವರು ಮೂಡಿತು. ನಾನು ಅವರ ತುಟಿಯನ್ನು ನೋಡುತ್ತ ನಿಂತಿದ್ದೆ; ಯಾವ ಪದವನ್ನೂ ಮನಸ್ಸಿನಲ್ಲಿಯೂ ಊಹಿಸದಿರಲು ಪ್ರಯತ್ನಿಸಿದೆ.

"ನಂಗೆ," ಎಂದರು ಅಪ್ಪ. ಬಹಳ ಹೊತ್ತಾಯಿತು. "ಬೇಗ... ಮಾತು... ಬೇಕು."

ಆಮೇಲೆ ಅಮ್ಮನ ಕಡೆ ತಿರುಗಿದರು. "ಆ... ಹುಡ್ಗಿ. ಆಸ್... ಪತ್ರೆ."

"ವಾವ್," ಎಂದು ಯಾರೋ ಉಸಿರುಬಿಟ್ಟರು. ಅಣ್ಣನಿಗೆ ಅಷ್ಟು ಸಾಕಾಯಿತು; ಒಡನೆಯೇ ಮುಗುಳ್ನಗೆ ತಂದುಕೊಂಡು ಸಭೆಯ ಕಡೆ ತಿರುಗಿದ.

"ಎಷ್ಟು ಆನೆಸ್ಟ್ ಅಲ್ವಾ? ನೋಡಿ, 'ಬೇಗ' ಅನ್ನೋ ಆಸೆ ಎಷ್ಟು ಆಳಕ್ಕೆ ಕೂತಿರುತ್ತೆ ನಮ್ಮಲ್ಲಿ. ಅಪ್ಪಾ, ಈ ಆಸೇನ ಸುಮ್ನೆ ಗಮನಿಸು. ಉಸಿರು ತಗೋ..."

"ಮುಚ್ಚೋ ಬಾಯಿ, ಬಡ್ಡೀಮಗ್ನೆ!" ಎಂದರು ಅಪ್ಪ.

ಒಂದಿಷ್ಟೂ ತೊದಲಲಿಲ್ಲ. ಬೈಗುಳವೂ ಮಂತ್ರದಂತೆಯೇ ತಾನಾಗಿ ಬರುವಂಥದ್ದು; ಆದ್ದರಿಂದ ನಾನು ಅದನ್ನು ಸುಧಾರಣೆಯ ಲೆಕ್ಕಕ್ಕೆ ಹಿಡಿಯಲಿಲ್ಲ. ಅದಕ್ಕೆ ಮೊದಲಿನ ಪದಗಳನ್ನು ಹಿಡಿದೆ. ಅವನ್ನು ಅವರು ಒಂದೊಂದಾಗಿ ಹುಡುಕಿ ತಂದಿದ್ದರು.

ಹಿಂದಿನ ಸಾಲಿನ ಯುವಕ ನಗು ತಡೆಯಲಾರದೆ ಕೆಮ್ಮಿದ. ಅಮ್ಮ ಎದ್ದು ನಿಂತಳು. ಗಂಡನ ಬಾಯಿಂದ ಬಂದ ಮೊದಲ ಬೇಡಿಕೆಯಲ್ಲಿ ಕಾಫಿ ಇರಲಿಲ್ಲವೆಂಬುದು ಅವಳನ್ನು ಅಲುಗಿಸಿತ್ತು. ಅವಳು ಅಣ್ಣನನ್ನು ನೋಡಲೇ ಇಲ್ಲ.

"ಆ ಹುಡುಗಿ ಯಾವತ್ತು ಇರ್ತಾಳೆ?" ಎಂದು ನನ್ನನ್ನು ಕೇಳಿದಳು.

"ಮಂಗಳವಾರ, ಶುಕ್ರವಾರ."

"ನಾಳಿದ್ದೇ ಹೋಗ್ತೀವಿ. ಮಂಡಿ ಏನಾದ್ರೂ ಆಗ್ಲಿ. ಏಳಿ, ಹೋಗೋಣ."

"ಅಮ್ಮಾ, ಏನ್ ಅರ್ಜೆಂಟು? ಸೆಷನ್ ಮುಗೀಲಿ, ನಾನೇ ಡ್ರಾಪ್ ಮಾಡ್ತೀನಿ," ಎಂದ ಅಣ್ಣ. ತಗ್ಗುದನಿ ಎಲ್ಲೋ ಬಿದ್ದುಹೋಗಿತ್ತು.

"ನೀನು ನಿಧಾನಕ್ಕೇ ಬಾರಪ್ಪ," ಎಂದಳು ಅಮ್ಮ.

ಮೆಟ್ಟಿಲು ಕಿರಿದಾಗಿತ್ತು. ಅಪ್ಪ ಎಡಗೈಯಿಂದ ಕಂಬಿ ಹಿಡಿದು ಇಳಿಯುತ್ತಿದ್ದರು, ನಾವಿಬ್ಬರು ಹಿಂದೆ ಮುಂದೆ. ಎರಡನೆಯ ಮಹಡಿಯ ತಿರುವಿನಲ್ಲಿ ಅವರು ನಿಂತು, ಅಮ್ಮನನ್ನು ನೋಡಿ, ಇನ್ನೊಂದು ವಾಕ್ಯಕ್ಕಾಗಿ ಬಾಯಿ ತೆರೆದರು. ಅಮ್ಮನ ತುಟಿಯೂ ತೆರೆಯಿತು. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಳು.

ಮೇಲಿನಿಂದ ಕಾಲಸಪ್ಪಳಗಳು ಬಂದವು. ಶಿಬಿರ ಬಿಟ್ಟಿತ್ತು. ಬರಿಗಾಲುಗಳು ಚಪ್ಪಲಿ ಮೆಟ್ಟಿಕೊಂಡು, ನಮ್ಮ ಹಿಂದೆ ಒಂದೊಂದಾಗಿ ಬಂದು ನಿಂತವು. ಯಾರೋ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸತೊಡಗಿದರು.

"ಎಕ್ಸ್‌ಕ್ಯೂಸ್ ಮಿ ಮೇಡಂ, ಸ್ವಲ್ಪ ಸೈಡ್ ಕೊಡ್ತೀರಾ? ಲೇಟಾಗ್ತಿದೆ."

ಅಪ್ಪನ ನಾಲಗೆ ಪದದ ಮೊದಲಕ್ಷರವನ್ನು ಹುಡುಕುತ್ತಿತ್ತು. ನಾವು ಸೈಡ್ ಕೊಡಲಿಲ್ಲ.