ತಳದ ಹಲಗೆ

ಬಳ್ಳಾರಿಯ ಒಂದು ದೊಡ್ಡ ಕಚೇರಿಯ ಕಾಂಪೌಂಡಿಗೆ ಆತುಕೊಂಡ ಬೇವಿನ ಮರದ ಕೆಳಗೆ ವೀರೇಶನ ಮೇಜು. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಕೂತು ಜನರ ಸಂಕಟಗಳನ್ನು ಅರ್ಜಿಯಾಗಿ ಪರಿವರ್ತಿಸುವುದು ಅವನ ಕಸುಬು. ಟೈಪ್‌ರೈಟರ್ ಹೋಗಿ ಲ್ಯಾಪ್‌ಟಾಪ್ ಬಂತು, ಕಾರ್ಬನ್ ಹಾಳೆ ಹೋಗಿ ಪ್ರಿಂಟರ್ ಬಂತು, ಸಂಕಟಗಳು ಮಾತ್ರ ಮೊದಲಿನ ಹಾಗೆಯೇ ಬರುತ್ತಿದ್ದವು. ಜನ ಅಳುತ್ತ ಬರುತ್ತಾರೆ, ಅಳುವಿಗೆ ಕಚೇರಿಯಲ್ಲಿ ಖಾನೆ ಇಲ್ಲ. ಅಳುವನ್ನು ಸೋಸಿ, ಖಾನೆಗೆ ಹೊಂದುವಷ್ಟನ್ನು ಉಳಿಸುವುದೇ ವಿದ್ಯೆ ಎಂದು ಅವನು ಪಕ್ಕದ ಮೇಜಿನ ದೊಡ್ಡಬಸವರಾಜನಿಗೆ ಆಗಾಗ ಉಪದೇಶ ಮಾಡುತ್ತಿದ್ದ. ವಯಸ್ಸಿನಲ್ಲಿ ಚಿಕ್ಕವನಾದ ದೊಡ್ಡಬಸವರಾಜ ವಿನಯದಿಂದ ಕೇಳಿಸಿಕೊಳ್ಳುತ್ತಿದ್ದ, ಹಾಗೆ ಕೇಳುತ್ತಲೇ ವೀರೇಶನ ಗಿರಾಕಿಯನ್ನು ಕಣ್ಣಲ್ಲೇ ಕರೆಯುತ್ತಿದ್ದ.

ಆ ವರ್ಷ ಏಪ್ರಿಲ್ ಮೊದಲ ವಾರ ಕುರುಗೋಡಿನಿಂದ ಹಂಪಮ್ಮ ಬಂದಳು. ಅರವತ್ತು ದಾಟಿದ ಹೆಂಗಸು. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ನೆಟ್ಟಗೆ ಕೂತಳು.

"ನಮ್ಮಪ್ಪನ ದೋಣಿ ಸಿಕ್ಕೈತಿ. ಅರ್ಜಿ ಬರೀಬೇಕು."

"ಎಲ್ಲಿ ಸಿಕ್ತು ಯಮ್ಮ?"

"ಸಿರುಗುಪ್ಪದ ಆಚಿ, ನಮ್ಮ ತವರೂರ ಹೊಳ್ಯಾಗ. ಮುಳುಗಿ ಐವತ್ತು ವರ್ಷ ಆತು. ಈ ಸಲ ಹೊಳಿ ಒಣಗೈತಲ್ಲ, ಮರಳಾಗ ಅಂಚು ಕಾಣಾಕತ್ತೈತಿ."

ಕಂಡವನು ಅವಳ ಅಣ್ಣನ ಮಗ ಓಬಳೇಶ. ಟ್ರ್ಯಾಕ್ಟರ್ ತೆಗೆದುಕೊಂಡು ಆ ಮರಳಿಗೆ ಯಾಕೆ ಹೋಗಿದ್ದ ಎಂಬುದನ್ನು ಅರ್ಜಿಯಲ್ಲಿ ಬರೆಯುವಂತಿರಲಿಲ್ಲ. ಒಮ್ಮೆ ಅವನ ಟ್ರ್ಯಾಕ್ಟರನ್ನು ಪೊಲೀಸರು ಹಿಡಿದು ಬಿಟ್ಟಿದ್ದರು. ಹಾಗಾಗಿ ಪತ್ತೆ ಮಾಡಿದವಳು ಹಂಪಮ್ಮನೇ ಎಂದಾಯಿತು.

ಅವಳಪ್ಪ ಗಾದೆಪ್ಪ ಆ ಊರಿನ ಕಡವಿನಲ್ಲಿ, ಜನ ಹೊಳೆ ದಾಟುವ ಜಾಗದಲ್ಲಿ, ದೋಣಿ ನಡೆಸುತ್ತಿದ್ದ. ಕಡವನ್ನು ಹರಾಜಿನಲ್ಲಿ ಹಿಡಿದವನು ಒಬ್ಬ ಗುತ್ತಿಗೆದಾರ; ದೋಣಿ ಅವನದು, ಹುಟ್ಟು ಮಾತ್ರ ಗಾದೆಪ್ಪನದು. ಒಂದು ಶ್ರಾವಣದ ಸೋಮವಾರ ನಡುಹೊಳೆಯಲ್ಲಿ ದೋಣಿ ಕೂತುಬಿಟ್ಟಿತು. ಹನ್ನೊಂದು ಜನ ಹೋದರು, ಗಾದೆಪ್ಪ ಉಳಿದ. ಅದೇ ಅವನ ಮೊದಲ ಅಪರಾಧ. ವಿಚಾರಣೆಗೆ ಬಂದ ಅಧಿಕಾರಿ ದಂಡೆಯ ಮೇಲೆ ನಿಂತು, ನಡೆಸುವವ ಕುಡಿದಿದ್ದ, ಮಿತಿ ಮೀರಿ ಜನ ತುಂಬಿದ್ದ ಎಂದು ಬರೆದುಕೊಂಡು ಹೋದ. ದೋಣಿಯನ್ನು ಅವನು ನೋಡಲಿಲ್ಲ, ಅದು ನೀರಿನಡಿ ಇತ್ತು. ಗಾದೆಪ್ಪ ಇನ್ನೂ ಹನ್ನೆರಡು ವರ್ಷ ಬದುಕಿದ. ಊರಿನ ಒಂದು ಮದುವೆಗೂ ಅವನನ್ನು ಕರೆಯಲಿಲ್ಲ.

"ಕುಡೀತಿದ್ನಾ?" ಎಂದು ವೀರೇಶ ಕೇಳಿದ. ಇಂಥದ್ದನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

"ಕುಡೀತಿದ್ದ. ಅವತ್ತು ಕುಡದಿದ್ದಿಲ್ಲ. ತಳದ ಹಲಿಗಿ ಕೊಳತು ತೂತು ಬಿದ್ದಿತ್ತು. ಅಪ್ಪ ಸೀಮೆಎಣ್ಣಿ ಡಬ್ಬಿ ತಗಡು ಕತ್ತರಿಸಿ, ಟಾರು ಹಚ್ಚಿ, ಸುತ್ತ ಮೊಳಿ ಬಡದಿದ್ದ. ಹಲಿಗಿ ಬದಲು ಮಾಡ್ರಿ ಅಂತ ಮೂರು ಸಲ ಹೇಳಿದ್ನಂತ ಗುತ್ತಿಗಿಯವಗ. ನಾನ ಟಾರಿನ ಡಬ್ಬಿ ಹಿಡಕೊಂಡು ನಿಂತಿದ್ದೆ."

"ಈಗ ನಿನಗೇನು ಬೇಕು? ದೋಣಿ ಬೇಕೇನು?"

"ದೋಣಿ ತಗೊಂಡು ಕುರುಗೋಡ್ನಾಗ ಏನು ಮಾಡ್ಲಿ? ಸಾಹೇಬರೊಬ್ರು ಬಂದು, ಮರಳು ತೆಗಿಸಿ, ತಳ ನೋಡಿ, ತೂತು ಹಳೇದು ಅಂತ ಬರೀಬೇಕು. ಸರಕಾರ ಬರದಿದ್ದನ್ನ ಸರಕಾರನ ಬಂದು ಅಳಿಸಬೇಕು."

ಅಣೆಕಟ್ಟಿನಿಂದ ಹೊಳೆಗೆ ನೀರು ಬಿಡುವುದು ಜುಲೈನಲ್ಲಿ, ಆಮೇಲೆ ದೋಣಿ ಮತ್ತೆ ನೀರಿನಡಿ. ಮೂರು ತಿಂಗಳಿತ್ತು. ವೀರೇಶ ಅವಳು ಹೇಳಿದ್ದನ್ನೆಲ್ಲ ಸೇರಿಸಿ ಎರಡೂವರೆ ಪುಟದ ಅರ್ಜಿ ಮಾಡಿದ. ತಗಡು, ಟಾರು, ಶ್ರಾವಣ, ಎಲ್ಲವೂ ಇತ್ತು. ಅರ್ಜಿ ಉದ್ದವಾಯಿತು ಎಂದು ಅವನಿಗೆ ಆಗಲೇ ಅನ್ನಿಸಿತ್ತು.

ಉತ್ತರಗಳು ಒಂದೊಂದಾಗಿ ಬಂದವು, ಎಲ್ಲವೂ ಮರ್ಯಾದೆಯಿಂದಲೇ. ನೀರಾವರಿಯವರು, ನೀರು ನಮ್ಮದು, ಸದರಿ ವಸ್ತು ಮರಳಿನಲ್ಲಿರುವುದರಿಂದ ಗಣಿಯವರನ್ನು ಕೇಳತಕ್ಕದ್ದು ಎಂದರು. ಗಣಿಯವರಿಗೆ ದೋಣಿಯ ಬಗ್ಗೆ ಅಭ್ಯಂತರವಿರಲಿಲ್ಲ. ಆದರೆ ದೋಣಿಯೊಳಗಿನ ಮರಳು ಉಪಖನಿಜ, ಅದನ್ನು ಎತ್ತಲು ಟೆಂಡರು ಆಗಬೇಕು. ಪುರಾತತ್ವದವರು ವಸ್ತುವಿಗೆ ನೂರು ವರ್ಷ ಆಗಿಲ್ಲ ಎಂದು ವಿಷಾದಿಸಿದರು. ಇನ್ನೈವತ್ತು ವರ್ಷ ತಡೆದು ಬಂದರೆ ನೋಡೋಣ ಎಂಬ ಆಶ್ವಾಸನೆ ಆ ವಿಷಾದದಲ್ಲಿತ್ತು.

ವೀರೇಶನಿಗೆ ಹಟ ಹುಟ್ಟಿತು. ಮುಳುಗಿದ ಹಡಗುಗಳಿಗೇ ಬೇರೆ ಕಾಯಿದೆ ಇದೆ ಎಂದು ಇಂಟರ್‌ನೆಟ್ಟಿನಲ್ಲಿ ಓದಿದ. ಭಗ್ನ ನೌಕೆ ಸಿಕ್ಕರೆ ಯಾರಿಗೆ ತಿಳಿಸಬೇಕು, ಎತ್ತಲು ಯಾರ ಅನುಮತಿ, ಒಡೆಯ ಎಷ್ಟು ದಿನದೊಳಗೆ ಬರಬೇಕು, ಎಲ್ಲವನ್ನೂ ಬಲು ಚೆನ್ನಾಗಿ ಬರೆದಿದ್ದರು. ಅದಕ್ಕೆಂದೇ ಕರಾವಳಿಯಲ್ಲಿ ಒಬ್ಬ ಅಧಿಕಾರಿಯೂ ಇದ್ದ. ವೀರೇಶ ಫೋನು ಮಾಡಿದ.

"ನಿಮ್ಮಲ್ಲಿಂದ ಸಮುದ್ರ ಎಷ್ಟು ದೂರ?" ಎಂದು ಆ ಕಡೆಯವರು ಕೇಳಿದರು.

"ಮುನ್ನೂರು ಕಿಲೋಮೀಟರ್ ಆಗಬಹುದು ಸಾರ್."

"ಹಾಗಾದ್ರೆ ಅದು ಹಡಗೇ ಅಲ್ಲವಲ್ಲ" ಎಂದು ಅವರು ಬೇಸರವಿಲ್ಲದೆ ಫೋನಿಟ್ಟರು.

ಮೇ ಮುಗಿಯುತ್ತ ಬಂತು. ಹಂಪಮ್ಮ ಪ್ರತಿ ಸೋಮವಾರ ಬಸ್ಸು ಹತ್ತಿ ಬಂದು ಕೂರುತ್ತಿದ್ದಳು. ದೊಡ್ಡಬಸವರಾಜ, "ಏನಣ್ಣ, ನಿನ್ನ ಹಡಗು ಇನ್ನಾ ಹೊರಟಿಲ್ಲೇನು?" ಎಂದು ಚಹಾದ ಲೋಟ ಕೊಡುತ್ತ ಕೇಳುತ್ತಿದ್ದ. ನಾಲ್ಕು ಸಲ ಕೇಳಿಸಿಕೊಂಡ ವೀರೇಶನಿಗೆ ಐದನೆಯ ಸಲಕ್ಕೆ ಉಪಾಯ ಹೊಳೆಯಿತು.

ನಿಧಿ. ಮಣ್ಣಿನಲ್ಲಿ ಹುದುಗಿ ಸಿಕ್ಕ, ಬೆಲೆಯುಳ್ಳ ಯಾವ ವಸ್ತುವಾದರೂ ಕಾಯಿದೆಯ ಕಣ್ಣಿಗೆ ನಿಧಿಯೇ. ನಿಧಿಯೆಂದು ಬರೆದುಕೊಟ್ಟ ಮೇಲೆ ಅದು ನಮ್ಮದಲ್ಲ ಎನ್ನುವ ಧೈರ್ಯ ಯಾವ ಕಚೇರಿಗೂ ಇಲ್ಲ. ಅಧಿಕಾರಿ ಸ್ಥಳಕ್ಕೆ ಬರಲೇಬೇಕು, ಅಗೆಸಲೇಬೇಕು, ನೋಡಲೇಬೇಕು. ಅವನು ಅರ್ಧ ಗಂಟೆಯಲ್ಲಿ ಹೊಸ ಅರ್ಜಿ ಮಾಡಿದ. ಹನ್ನೊಂದೇ ಸಾಲು. ವಿಷಯ: ಭೂಗತ ನಿಧಿ ಪತ್ತೆಯಾದ ಬಗ್ಗೆ ಮಾಹಿತಿ.

ಹಂಪಮ್ಮ ಓದಿಸಿಕೊಂಡಳು. "ಅಪ್ಪನ ಹೆಸರಿಲ್ಲ?"

"ಅದು ಬ್ಯಾಡ ಯಮ್ಮ. ಅವರಪ್ಪ ಇವರಪ್ಪ ಅಂದ್ರ ಖಾಸಗಿ ವಿಚಾರ ಅಂತ ವಾಪಸ್ ಕಳಸ್ತಾರ."

"ತೂತಿಂದು?"

"ತೂತು ಬಿದ್ದ ವಸ್ತು ಅಂದ್ರ ಬೆಲಿ ಎಲ್ಲೈತಿ? ಅವರು ಬರ್ಲಿ. ಬಂದಾಗ ಎದುರಿಗೇ ತೋರಸೋಣು."

ಅವಳು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದಳು. ಓದಲು ಬಾರದವರು ಹಾಳೆ ನೋಡುವ ರೀತಿಯೇ ಬೇರೆ, ಅಳತೆ ತೆಗೆಯುವಂತೆ. ಆಮೇಲೆ ಹೆಬ್ಬೆಟ್ಟು ಒತ್ತಿದಳು.

ಹನ್ನೊಂದು ಸಾಲಿನ ಅರ್ಜಿ ಹನ್ನೊಂದು ದಿನಕ್ಕೆ ಎದ್ದು ಕೂತಿತು. ಕಾಯಿದೆಯ ಪ್ರಕಾರ ಮೊದಲು ಪ್ರಕಟಣೆ ಆಗಬೇಕು: ಇಂಥ ಸ್ಥಳದಲ್ಲಿ ಇಂಥ ನಿಧಿ ಇದೆ, ಹಕ್ಕುದಾರರಿದ್ದರೆ ನಾಲ್ಕು ತಿಂಗಳ ಮೇಲೆ ಬಂದು ಹಾಜರಾಗತಕ್ಕದ್ದು. ಪಂಚಾಯ್ತಿ ಗೋಡೆಗೆ, ಸಿರುಗುಪ್ಪದ ಬಸ್‌ಸ್ಟ್ಯಾಂಡಿನ ಕಂಬಕ್ಕೆ, ಹಚ್ಚೊಳ್ಳಿಯ ಚಹಾದಂಗಡಿಯ ಬಾಗಿಲಿಗೆ ಹಾಳೆಗಳು ಅಂಟಿದವು. ಊರು, ಹೊಳೆಯ ಯಾವ ಮಗ್ಗುಲು, ಕಡವಿನ ಕಟ್ಟೆಯಿಂದ ಎಷ್ಟು ಮೀಟರು, ಎಲ್ಲ ಸ್ಪಷ್ಟವಾಗಿತ್ತು. ಸ್ಥಳ ಪರಿಶೀಲನೆಗೆ ಜೂನ್ ಕೊನೆಯ ವಾರ ಗೊತ್ತಾಯಿತು. ವೀರೇಶ ಬಸ್‌ಸ್ಟ್ಯಾಂಡಿನ ಹಾಳೆಯ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಂಡ. ಅದನ್ನು ನೋಡಿದವರಲ್ಲಿ ದೊಡ್ಡಬಸವರಾಜನ ಹೆಸರೇ ಮೊದಲಿತ್ತು. ಅದರ ಸುಖ ಎರಡು ದಿನ ಇತ್ತು.

ಅಮಾವಾಸ್ಯೆಯ ಮಾರನೆಯ ಬೆಳಿಗ್ಗೆ ಓಬಳೇಶನ ಫೋನು ಬಂತು.

"ಅಣ್ಣ, ದೋಣಿ ಅಗದಾರ."

"ಯಾರು? ಸಾಹೇಬ್ರು ಬಂದಿದ್ರಾ?"

"ಯಾವ ಸಾಹೇಬ್ರು ಅಣ್ಣ. ಆಂಧ್ರದ ಕಡಿಂದ ಒಬ್ಬ ಸ್ವಾಮಿ, ಜೊತಿಗೆ ಎಂಟ್ಹತ್ತು ಮಂದಿ. ನಿಂಬಿಹಣ್ಣು, ಕುಂಕುಮ, ಒಂದು ಜೆಸಿಬಿ. ನಿನ್ನಿ ಹಾಡಹಗಲು, ಮಟಮಟ ಮಧ್ಯಾಹ್ನ. ಊರಾಗಿನವ್ರು ಕೇಳಿದ್ರ, ಗೋಡಿ ಮ್ಯಾಲೆ ಸರಕಾರನ ಹಾಕೈತಲ್ಲ, ಓದಿಲ್ಲೇನು ಅಂದರಂತ. ಕೇಳಿದವ್ರೂ ಸಲಿಕಿ ತಂದು ಕೂಡಿಕೊಂಡಾರ."

"ನೀ ಎಲ್ಲಿ ಹೋಗಿದ್ದಿ?"

"ಕುಡತಿನಿಗೆ, ಕರೆಂಟ್ ಫ್ಯಾಕ್ಟರಿ ಬೂದಿ ಲಾರಿ ಮ್ಯಾಗ. ಮರಳು ಬಿಟ್ಟು ಬೂದಿ ಹೊಡಿ ಅಂತ ನೀನ ಹೇಳಿದ್ದಿ."

ನಿಧಿಯಿದ್ದರೆ ತಳದಲ್ಲೇ ಇರಬೇಕು ಎಂಬುದು ಸ್ವಾಮಿಯ ಲೆಕ್ಕಾಚಾರ. ಮರಳು ತೆಗೆದ ಮೇಲೆ ದೋಣಿಯ ತಳದಲ್ಲಿ ತಗಡು ಬಡಿದ ಜಾಗ ಕಂಡಿತಂತೆ. ಐವತ್ತು ವರ್ಷದ ಹಿಂದೆ ಯಾರೋ ಕಾಳಜಿಯಿಂದ ಮುಚ್ಚಿಟ್ಟ ಜಾಗ! ಗಾದೆಪ್ಪನ ಮಾತನ್ನು ಕೊನೆಗೂ ನಂಬಿದವರು ಆ ಕಳ್ಳರೇ. ತಗಡು ಇರುವುದನ್ನು ಕಂಡರು, ಕೆಳಗೆ ಕೈಹಾಕಲೇಬೇಕು ಎಂದುಕೊಂಡರು. ಜೆಸಿಬಿಯ ಹಲ್ಲನ್ನು ಅಲ್ಲಿಗೇ ಊರಿದರು.

ಪರಿಶೀಲನೆಯ ದಿನ ಕಂದಾಯದ ಅಧಿಕಾರಿ ಹೇಳಿದ ಸಮಯಕ್ಕೆ ಸರಿಯಾಗಿ ಬಂದ. ನಲವತ್ತರ ಆಸುಪಾಸಿನ, ಮೃದು ಮಾತಿನ ಮನುಷ್ಯ. ಬಿಸಿಲಿಗೆ ಕರ್ಚೀಫು ತಲೆಗೆ ಕಟ್ಟಿಕೊಂಡಿದ್ದ. ಹಂಪಮ್ಮ ಹೊಂಡಕ್ಕೆ ಇಳಿದು ದೋಣಿಯ ಪಕ್ಕ ನಿಂತಿದ್ದಳು. ತಳದಲ್ಲಿ ಎರಡಡಿ ಅಗಲದ ತೂತು. ಒಂದು ಅಂಚಿನಲ್ಲಿ ಮಾತ್ರ, ಮುರಿಯದೆ ಉಳಿದ ಗೇಣುದ್ದ ಜಾಗದಲ್ಲಿ, ತುಕ್ಕು ಹಿಡಿದ ಐದು ಮೊಳೆ ಒತ್ತೊತ್ತಾಗಿ ಸಾಲಾಗಿದ್ದವು. ಅವುಗಳ ಬುಡಕ್ಕೆ ಕರ್ರಗೆ ಏನೋ ಮೆತ್ತಿತ್ತು.

"ಇದ ನೋಡ್ರಿ" ಎಂದು ಅವಳು ಬೆರಳಿಟ್ಟು ತೋರಿಸಿದಳು. "ಟಾರು. ನಮ್ಮಪ್ಪ ಬಡದ ಮೊಳಿ. ತೂತು ಆವತ್ತಿಂದು."

ಅಧಿಕಾರಿ ಬಗ್ಗಿ ನೋಡಿದ. ನೋಡಲಿಲ್ಲ ಎನ್ನುವಂತಿಲ್ಲ. "ಮೊಳಿ ದೋಣಿ ತುಂಬ ಅದಾವಮ್ಮ. ಈ ಸೀಳು ನೋಡ್ರಿ, ಮರ ಬೆಳ್ಳಗೈತಿ. ಮೊನ್ನೆ ಆಗಿದ್ದು." ಆಮೇಲೆ ಕಡತ ತೆಗೆದು ವೀರೇಶನತ್ತ ತಿರುಗಿದ. "ಅರ್ಜಿ ನೀವೇ ಬರದಿದ್ದಲ್ಲೇನ್ರಿ? ತೂತಿನ ಬಗ್ಗೆ ಇದರಾಗ ಒಂದಕ್ಷರ ಇಲ್ಲ. ಮೊದಲೇ ಇದ್ದಿದ್ರ ಬರೀತಿದ್ರಿ, ಹೌದಲ್ಲ?"

ವೀರೇಶ ಬಾಯಿ ತೆರೆದ. ಏಪ್ರಿಲ್‌ನ ಎರಡೂವರೆ ಪುಟಗಳು ಮೂರು ಕಚೇರಿಗಳಲ್ಲಿ ವಿಲೇವಾರಿಯಾದ ಕಡತಗಳ ಜೊತೆ ಮಲಗಿದ್ದವು. ಅದನ್ನು ಹೇಳಿದ ಕೂಡ. ಆ ಅರ್ಜಿ ಬೇರೆ ವಿಷಯದ್ದು, ಈ ಕಡತ ನಿಧಿಯದ್ದು ಎಂದು ಅಧಿಕಾರಿ ತಾಳ್ಮೆಯಿಂದ ತಿಳಿಸಿಕೊಟ್ಟ. ಖಾನೆಯ ವಿದ್ಯೆ ಗೊತ್ತಿದ್ದವರು ಇನ್ನೂ ಕೆಲವರಿದ್ದರು.

ಪಂಚನಾಮೆ ಬರೆದಾಯಿತು. ಓದಬೇಕಾದದ್ದು ವೀರೇಶ. "ಸದರಿ ದೋಣಿಯ ತಳಭಾಗದಲ್ಲಿ ಸುಮಾರು ಎರಡು ಅಡಿ ಅಗಲದ ರಂಧ್ರವಿರುವುದು ಕಂಡುಬಂದಿರುತ್ತದೆ" ಎಂದು ಓದಿ ಅವನು ನಿಂತ.

"ಬರದಾರ ಹಂಗಾರ, ತೂತು ಐತಂತ" ಎಂದಳು ಹಂಪಮ್ಮ.

"ಬರದಾರ."

ಅವಳು ಹಾಳೆಯ ಹತ್ತಿರ ಬಂದು, ಅವನು ನಿಲ್ಲಿಸಿದಲ್ಲಿ ಬೆರಳಿಟ್ಟು ಕೆಳಗೆ ಜಾರಿಸಿದಳು. "ಇನ್ನಾ ಎರಡು ಸಾಲು ಅದಾವು, ಈರೇಶಪ್ಪ."

ಓದದೆ ಗತ್ಯಂತರವಿರಲಿಲ್ಲ. "ಸದರಿ ರಂಧ್ರವನ್ನು ಅಪರಿಚಿತ ವ್ಯಕ್ತಿಗಳು ನಿಧಿಯ ಆಸೆಯಿಂದ ಇತ್ತೀಚೆಗೆ ಕೊರೆದಿದ್ದು, ಅದನ್ನು ಹೊರತುಪಡಿಸಿ ದೋಣಿಯು ಸುಸ್ಥಿತಿಯಲ್ಲಿದ್ದುದಾಗಿ ತಿಳಿದುಬರುತ್ತದೆ."

ಸುಸ್ಥಿತಿಯ ದೋಣಿಯನ್ನು ಮುಳುಗಿಸಬೇಕಾದರೆ ನಡೆಸುವವ ಕುಡಿದೇ ಇರಬೇಕು. ಅಧಿಕಾರಿಗೆ ಅದು ಗೊತ್ತಿರಲಿಲ್ಲ. ಅವನ ಕಡತದಲ್ಲಿ ಗಾದೆಪ್ಪನೇ ಇರಲಿಲ್ಲ.

ಇಂಕಿನ ಪ್ಯಾಡು ಮುಂದೆ ಬಂತು. ಹಂಪಮ್ಮ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು. "ಒಲ್ಲೆ ಅಂದಳು ಅಂತ ಬರಕೊಳ್ರಿ."

ಬರೆದುಕೊಂಡರು. ಅದಕ್ಕೆ ಖಾನೆಯಿತ್ತು. ಎರಡನೆಯ ಪಂಚನಾಗಿ, ಸಾಕ್ಷಿಗೆಂದು, ವೀರೇಶನ ಸಹಿ ಬೇಕಿತ್ತು. ನಾಳೆಯೂ ಅದೇ ಬೇವಿನ ಮರ, ಅದೇ ಕಚೇರಿ, ಇದೇ ಜನ. ಅವನು ಪೆನ್ನು ತೆಗೆದು, ಎಂದಿನಂತೆ ಕೆಳಗೊಂದು ಗೀಟೆಳೆದು ಸಹಿ ಹಾಕಿದ.

ಸಿರುಗುಪ್ಪದ ತನಕ ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಇಳಿಯುವಾಗ ಒಂದೇ ಮಾತು ಆಡಿದಳು: "ನಿನ್ನ ಸಹಿ ಚಂದ ಐತಿ."

ಜುಲೈ ಎರಡನೆಯ ವಾರ ಹೊಳೆಗೆ ನೀರು ಬಿಟ್ಟರು.

ಅದರ ಮುಂದಿನ ಸೋಮವಾರ ವೀರೇಶ ಪ್ರಿಂಟರಿಗೆ ಹಾಳೆ ತುಂಬುತ್ತಿದ್ದ. ಹಂಪಮ್ಮ ಗೇಟಿನ ಕಡೆಯಿಂದ ಬರುವುದು ಕಂಡಿತು. ಅವನು ಸ್ಟೂಲನ್ನು ಒರೆಸಿ ಮುಂದೆ ಸರಿಸಿದ. ಅವಳು ಸ್ಟೂಲಿನ ಪಕ್ಕದಿಂದಲೇ ದಾಟಿಹೋಗಿ ಪಕ್ಕದ ಮೇಜಿನೆದುರು ಕೂತಳು. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

"ನಮ್ಮಪ್ಪ ಗಾದೆಪ್ಪ ಅಂತ, ದೋಣಿ ನಡಸ್ತಿದ್ದ" ಎಂದು ಮೊದಲಿನಿಂದ ಶುರು ಮಾಡಿದಳು. "ತಳದ ಹಲಿಗಿ ಕೊಳತಿತ್ತು. ನಾನ ಟಾರಿನ ಡಬ್ಬಿ ಹಿಡಕೊಂಡು ನಿಂತಿದ್ದೆ."

ದೊಡ್ಡಬಸವರಾಜ ವೀರೇಶನತ್ತ ಒಮ್ಮೆ ನೋಡಿ, ಕೀಲಿಮಣೆಯ ಮೇಲೆ ಬೆರಳಿಟ್ಟ.

"ಅದೆಲ್ಲಾ ಇರ್ಲಿ ಯಮ್ಮ. ವಿಷಯ ಏನು, ಅದನ್ನಷ್ಟ ಹೇಳು."