ಅರ್ಧಕ್ಕೇ ನಿಂತ ರೆಪ್ಪೆಗಳು

ಕಂಗ್ಟಿಯ ರೈತ ಮಾಣಿಕ ಬೆಳಿಗ್ಗೆ ಎಂಟಕ್ಕೆ ಹೆಂಡತಿ ಪೋಚಮ್ಮನನ್ನು ನಾರಾಯಣಖೇಡದ ಸಣ್ಣದೊಂದು ಆಸ್ಪತ್ರೆಗೆ ಕರೆತಂದ. ಬೆಳಗಿನ ಜಾವದಿಂದ ಹೊಟ್ಟೆನೋವು ಅಂದ. ಡಾಕ್ಟರ್ ಉಮಾಕಾಂತ ಹೊಟ್ಟೆ ಒತ್ತಿ ನೋಡಿ, ಗ್ಯಾಸಿಗೆಂದು ಇಂಜೆಕ್ಷನ್ ಬರೆದು, ಸಲೈನ್ ಮುಗಿದ ಮೇಲೆ ಮನೆಗೆ ಕಳಿಸಲು ಹೇಳಿದರು.

ಸಲೈನ್ ಹಚ್ಚಿದ ನರ್ಸ್ ದೇವಿಕಾಗೆ ಯಾಕೋ ಸರಿ ಕಾಣಲಿಲ್ಲ. ಪೋಚಮ್ಮ ಎದುರಿನವರನ್ನು ನೋಡಬೇಕಾದರೆ ಗದ್ದ ಮೇಲೆತ್ತುತ್ತಿದ್ದಳು. ರೆಪ್ಪೆಗಳು ಅರ್ಧಕ್ಕೇ ನಿಂತಿದ್ದವು.

“ನಿದ್ದಿ ಬರಾಕತ್ತದೇನ್ ಅಕ್ಕಾ?”

“ಇಲ್ರಿ, ಕಣ್ಣು ತೆರಿಯಾಕೇ ಆಗವಲ್ದು.” ಮಾತು ಮೂಗಿನಿಂದ ಬಂತು.

“ರಾತ್ರಿ ಎಲ್ಲಿ ಮಲಗಿದ್ದಿ?”

“ಹೊಲದ ಗುಡಿಸಲದಾಗ್ರಿ. ನೆಲದ ಮ್ಯಾಲೇ.”

ದೇವಿಕಾ ಉಸಿರಿನ ಬಲ ನೋಡಬೇಕೆಂದುಕೊಂಡಳು. ಒಂದೇ ಉಸಿರಿನಲ್ಲಿ ಅಂಕಿ ಎಣಿಸಲು ಹೇಳಿದಳು. ಹದಿನೆಂಟಕ್ಕೆ ನಿಂತಿತು. ಹತ್ತು ನಿಮಿಷ ಬಿಟ್ಟು ಮತ್ತೆ ಎಣಿಸಿದಾಗ ಹನ್ನೊಂದು. ಅವಳು ಡಾಕ್ಟರ ಕೋಣೆಗೆ ಓಡಿದಳು.

“ಸರ್, ಕಟ್ಟುಹಾವು ಕಡದದ ಅನಸ್ತದ್ರಿ.”

“ಕಡದ ಗುರುತಿಲ್ಲ, ಬಾವೂ ಇಲ್ಲ. ಹ್ಯಾಂಗ್ ಹೇಳ್ತಿ?”

“ಅದು ಕಡದ್ರ ಭಾಳ ಸಲ ಗುರುತೇ ಕಾಣಲ್ರಿ. ಮೊದಲು ಹೊಟ್ಟಿ, ಆಮ್ಯಾಲ ರೆಪ್ಪಿ, ಆಮ್ಯಾಲ ಉಸಿರು. ಉಸಿರು ಕಮ್ಮಿ ಆಗಾಕತ್ತದ. ಒಮ್ಮೆ ಬಂದು ನೋಡ್ರಿ ಸರ್, ನಾ ತಪ್ಪಿದ್ರ ಬೈಯ್ರಿ.”

ಅವರು ಎದ್ದು ಬಂದರು. ಪೋಚಮ್ಮನಿಗೆ ತಲೆ ಎತ್ತಲೂ ಆಗಲಿಲ್ಲ. ಉಮಾಕಾಂತ ಅವಳ ರೆಪ್ಪೆ ಎತ್ತಿ ನೋಡಿ, “ಹಾವಿನ ವಿಷದ ಮದ್ದು ತಗೀ, ಜಲ್ದಿ” ಅಂದರು. ಮದ್ದು ಏರುತ್ತಿರುವಾಗಲೇ ಉಸಿರು ಸೋತಿತು. ಅವರು ಗಂಟಲಿಗೆ ನಳಿಕೆ ಇಳಿಸಿದರು, ದೇವಿಕಾ ರಬ್ಬರ್ ಚೀಲ ಹಿಚುಕಿ ಗಾಳಿ ಕೊಡತೊಡಗಿದಳು. ವೆಂಟಿಲೇಟರ್ ಇದ್ದದ್ದು ಜಹೀರಾಬಾದಿನಲ್ಲಿ.

ಆಂಬುಲೆನ್ಸಿನಲ್ಲಿ ಹೆಂಡತಿಯ ಬೆರಳೂ ಅಲುಗದ್ದು ಕಂಡು ಮಾಣಿಕ ಗೋಳಾಡಿದ. “ಹೋಗ್ಯಾಳ್ರಿ ಸಿಸ್ಟರ್, ಹೋಗ್ಯಾಳ!”

“ಎಲ್ಲಿಗೂ ಹೋಗಿಲ್ಲ ಅಣ್ಣಾ. ಮೈ ಅಷ್ಟೇ ಸೋತದ, ಕಿವಿ ಕೇಳಸ್ತದ. ಕೈ ಹಿಡಕೊಂಡು ಮಾತಾಡು.”

ಅವನು ಬಿಕ್ಕುತ್ತಲೇ ಮಾತಾಡಿದ: ತೊಗರಿ ಹೂ ಬಿಟ್ಟದ್ದು, ಮಗಳು ಮಾಯಾ ದಾರಿ ಕಾಯುತ್ತಿರುವುದು, ಇನ್ನು ಮೇಲೆ ಮಂಚ ಮಾಡಿಸುವುದು. ದೇವಿಕಾಳ ಕೈಗಳು ಮರಗಟ್ಟಿದವು. ಚೀಲ ಹಿಚುಕುವ ಲಯ ಮಾತ್ರ ತಪ್ಪಲಿಲ್ಲ.

ಐದನೆಯ ದಿನ ನಳಿಕೆ ತೆಗೆದರು. ದೇವಿಕಾ ನೋಡಲು ಹೋದಾಗ ಪೋಚಮ್ಮ ದಿಂಬಿಗೊರಗಿ ಗಂಜಿ ಕುಡಿಯುತ್ತಿದ್ದಳು.

“ಮಂಚ ಮಾಡಸ್ತೀನಿ ಅಂದಾನ್ರಿ. ನಾ ಎಲ್ಲಾ ಕೇಳೀನಿ,” ಅಂದಳು, ಒಡೆದ ದನಿಯಲ್ಲಿ. ಮಾಣಿಕ ನಗುತ್ತ ಕಣ್ಣೊರೆಸಿಕೊಂಡ.

ಮರುದಿನ ಉಮಾಕಾಂತ ಎಲ್ಲ ನರ್ಸುಗಳನ್ನೂ ಕರೆದು ಕೂರಿಸಿದರು. “ನಾ ನೋಡಿದ್ದು ಹೊಟ್ಟಿ, ದೇವಿಕಾ ನೋಡಿದ್ದು ಮನುಷ್ಯಾರನ್ನ. ಏನೇನು ಕಂಡಿ, ಹ್ಯಾಂಗ ತಿಳೀತು, ಎಲ್ಲರಿಗೂ ಹೇಳವ್ವಾ,” ಎಂದು ತಾವೇ ಮುಂದಿನ ಬೆಂಚಿನ ಮೇಲೆ ಕುಳಿತರು.

ದೇವಿಕಾ ಎದ್ದು ನಿಂತಳು. “ಆಕಿ ಗದ್ದ ಎತ್ತಿ ನೋಡಾಕತ್ತಿದ್ಲು,” ಎಂದು ಶುರುಮಾಡಿದಳು.