ಬೊಡ್ಡೆಯ ಮೇಲಿನ ಗಾಜಿನ ಗೋಳ

ಪಂಕ್ಚರ್ ಅಂಗಡಿಯ ಬೆಂಚಿನ ಮೇಲೆ ಕ್ಯಾಮೆರಾ ಚೀಲವನ್ನು ಪೂರ್ತಿ ಬರಿದು ಮಾಡಿದ ಮೇಲೆ ತಂಗಿಗೆ ಅನುಮಾನ ಉಳಿಯಲಿಲ್ಲ. ಲೆನ್ಸುಗಳಿದ್ದವು, ಬ್ಯಾಟರಿಗಳಿದ್ದವು, ಗೋಳಕ್ಕೆ ಸುತ್ತುವ ಕಪ್ಪು ಬಟ್ಟೆಯೂ ಇತ್ತು. ಗೋಳ ಇರಲಿಲ್ಲ.

"ಏನೇ ಹುಡುಕ್ತಿದ್ದೀಯಾ?" ಎಂದಳು ಅಕ್ಕ.

"ಗಾಜಿನ ಗೋಳ. ಗುಡ್ಡದ ಮೇಲೇ ಬಿಟ್ಟುಬಂದೆ."

"ಹೋದ್ರೆ ಹೋಗ್ಲಿ ಬಿಡು. ಲೋಕಾನ ತಲೆಕೆಳಗಾಗಿ ನೋಡೋಕೆ ಅದೇ ಬೇಕಾ? ನಮ್ಮನೇಲಿ ನಾನು ದಿನಾ ನೋಡ್ತಿದ್ದೀನಿ."

ತಂಗಿ ನಗಲಿಲ್ಲ. "ಅಕ್ಕ, ಅದನ್ನ ಮುಚ್ಚಿಟ್ಟಿಲ್ಲ. ಬಿಸಿಲು ಬಿದ್ರೆ ಅದು ಭೂತಗನ್ನಡಿ ಇದ್ದ ಹಾಗೆ."

ಅಕ್ಕ ತಲೆಯೆತ್ತಿ ಆಕಾಶ ನೋಡಿದಳು. ಸೂರ್ಯ ನೆತ್ತಿಗೆ ಬರುತ್ತಿದ್ದ.

ಹೋದ ಬೇಸಿಗೆಯ ಕಾಳ್ಗಿಚ್ಚಿಗೆ ಆ ಗುಡ್ಡದ ಒಂದು ಪಕ್ಕ ಪೂರ್ತಿ ಸುಟ್ಟಿತ್ತು. ಮಳೆಯ ನಂತರ ಕರಿಮರಗಳ ನಡುವೆ ಹುಲ್ಲು ಮೊಣಕಾಲುದ್ದ ಬೆಳೆದಿತ್ತು; ಈಗ ಅದೂ ಒಣಗಿ ನಿಂತಿತ್ತು. ಜನರಿಗೆ ಅಲ್ಲಿ ಪ್ರವೇಶವಿರಲಿಲ್ಲ. ತಂಗಿ ಮಾತ್ರ ವಾರಕ್ಕೊಮ್ಮೆ ಹೋಗಿ, ಗೋಳದೊಳಗೆ ತಲೆಕೆಳಗಾಗಿ ಕಾಣುವ ಗುಡ್ಡದ ಚಿತ್ರ ತೆಗೆಯುತ್ತಿದ್ದಳು. ಕರಿಮರಗಳು ಕೆಳಮುಖವಾಗಿ ಜೋತುಬಿದ್ದಂತೆ, ಹುಲ್ಲು ಆಕಾಶವಾದಂತೆ ಕಾಣುವ ಚಿತ್ರಗಳು. ಅದಕ್ಕೆ ಅನುಮತಿ ಕೊಡಿಸಿದವನು ಭಾವ. ಅವನು ಕಾಡಿನ ಕಾವಲುಗೋಪುರದಲ್ಲಿ ಹೊಗೆ ಕಾಯುವವನು. ಅವಳಿಂದ ಒಂದು ಕಿಡಿ ಹೊತ್ತಿದರೂ ಭಾವನ ಕೆಲಸ ಉಳಿಯುವುದಿಲ್ಲವೆಂದು ಮೇಲಧಿಕಾರಿ ಆಗಲೇ ಮುಖಕ್ಕೆ ಹೇಳಿದ್ದ.

ಅಕ್ಕ ಪಂಕ್ಚರ್ ಹಾಕಿಸಿದ್ದ ಜೀಪನ್ನು ಹೊರಡಿಸಿದಳು. "ಯಾರಿಗೂ ಬಾಯಿಬಿಡಬೇಡ. ನಾವೇ ಹೋಗಿ ತಗೊಂಡು ಬರೋಣ."

"ಬೆಳಿಗ್ಗೆ ಅಲ್ಲಿ ಮರದ ನೆರಳಿತ್ತು."

"ಬೆಳಿಗ್ಗೆಯ ನೆರಳು ನಿನಗೋಸ್ಕರ ಅಲ್ಲೇ ಕೂತಿರುತ್ತಾ?"

ಮೋಡವೊಂದು ಬಂದು ರಸ್ತೆ ಮಂಕಾಯಿತು. ತಂಗಿ ಉಸಿರು ಬಿಟ್ಟಳು. ಬೆಳಿಗ್ಗೆ ಚಿತ್ರಕ್ಕೆ ಬೆಳಕು ಸಾಲದೆಂದು ಇದೇ ಮೋಡಗಳನ್ನು ಶಪಿಸಿದ್ದಳು. ಅದು ಸರಿಯಿತು; ಬಿಸಿಲು ಮತ್ತೆ ಜೀಪಿನ ಗಾಜಿಗೆ ಹೊಡೆಯಿತು. ಅವಳು ಫೋನ್ ತೆಗೆದಳು.

"ಬೇಡ ಕಣೇ," ಅಂದಳು ಅಕ್ಕ. "ಈ ವಯಸ್ಸಲ್ಲಿ ಅವರಿಗೆ ಬೇರೆ ಕೆಲಸ ಯಾರು ಕೊಡ್ತಾರೆ?"

"ನಾವು ತಲುಪೋ ಹೊತ್ತಿಗೆ ಹತ್ತಿಕೊಂಡಿದ್ರೆ?"

ಅಕ್ಕ ಜೀಪಿನ ವೇಗ ಹೆಚ್ಚಿಸಿದಳು. ಫೋನ್ ಕಿತ್ತುಕೊಳ್ಳಲಿಲ್ಲ.

ಭಾವ ಪೂರ್ತಿ ಕೇಳಿಸಿಕೊಂಡ. "ಎಲ್ಲಿಟ್ಟಿದ್ದೆ?"

"ಕಲ್ಲುಬಂಡೆ ತಿರುವಿನ ಮೇಲೆ, ಸುಟ್ಟ ಮರದ ಬೊಡ್ಡೆ ಮೇಲೆ."

"ನನಗೆ ಆ ಜಾಗ ಕಾಣಲ್ಲ, ದಿಬ್ಬ ಅಡ್ಡ. ಸರಿ, ಬೆಂಕಿ ಆರಿಸೋ ದಳಕ್ಕೆ ತಿಳಿಸ್ತೀನಿ."

"ಭಾವ, ನಿಮ್ಮ ಕೆಲಸ..."

"ಇದೇ ನನ್ನ ಕೆಲಸ. ಫೋನ್ ಇಡಮ್ಮ."

ತಿರುವಿನಲ್ಲಿ ಜೀಪು ನಿಲ್ಲಿಸಿ ಇಬ್ಬರೂ ನೀರಿನ ಕ್ಯಾನ್ ಹಿಡಿದು ಏರಿದರು. ದೂರದಿಂದ ಹೊಗೆ ಕಾಣಲಿಲ್ಲ. ಗೋಳ ಬೊಡ್ಡೆಯ ಮೇಲೆ ಇಟ್ಟಲ್ಲೇ ಇತ್ತು. ತಂಗಿ ಅದನ್ನು ಬಟ್ಟೆಯಲ್ಲಿ ಹಿಡಿದೆತ್ತಿದಳು. ಅದಿದ್ದ ಜಾಗದ ಪಕ್ಕದಲ್ಲಿ, ಬೊಡ್ಡೆಯ ಕಪ್ಪಿನ ಮೇಲೆ ಬೂದಿಯ ಬಿಳಿ ಗೆರೆಯೊಂದು ಬಿದ್ದಿತ್ತು. ಸೂರ್ಯ ಸರಿದಂತೆ ಬಾಗುತ್ತ, ಮೋಡ ಬಂದಲ್ಲಿ ತುಂಡಾಗಿ, ಬೊಡ್ಡೆಯ ಸೀಳಿನ ತನಕ ಹೋಗಿತ್ತು. ಸೀಳಿನ ಬಾಯಲ್ಲಿ ದಾರದೆಳೆಯಷ್ಟು ಹೊಗೆ. ಒಣಹುಲ್ಲು ಅಲ್ಲಿಂದ ಒಂದು ಗೇಣು.

ಬಿಸಿಲು ತಾನೇ ಬರೆದ ಗೆರೆ. ವರ್ಷವಿಡೀ ತೆಗೆದ ಯಾವ ಚಿತ್ರವೂ ಅದರ ಸಮಕ್ಕೆ ಬರುತ್ತಿರಲಿಲ್ಲ. ಕ್ಯಾಮೆರಾ ಅವಳ ಕೊರಳಲ್ಲೇ ಇತ್ತು.

"ಏನು ನೋಡ್ತಾ ನಿಂತೆ?" ಅಕ್ಕ ಚೀರಿದಳು.

ತಂಗಿ ಕ್ಯಾನ್ ಬಗ್ಗಿಸಿದಳು. ನೀರು ಚುಸ್ ಎಂದಿತು. ಬೂದಿ ತೊಳೆದುಹೋಗಿ ಬೊಡ್ಡೆ ಮೊದಲಿನಂತೆ ಬರೀ ಕಪ್ಪಾಯಿತು.

ಅಕ್ಕ ಅದನ್ನು ಎರಡು ಸುತ್ತು ಬಂದು ನೋಡಿದಳು. ದನಿ ತಗ್ಗಿಸಿದಳು. "ಏನೂ ಉಳಿದಿಲ್ಲ. ಭಯಕ್ಕೆ ಫೋನ್ ಮಾಡಿದ್ವಿ, ಬಂದು ನೋಡಿದ್ರೆ ಏನೂ ಇರಲಿಲ್ಲ. ಅಷ್ಟೇ ಹೇಳು. ಬೈದು ಬಿಡ್ತಾರೆ."

ಕೆಳಗೆ ದಳದ ವಾಹನ ನಿಂತಿತು, ಅದರ ಹಿಂದೆ ನೀರಿನ ಟ್ಯಾಂಕರ್. ನಾಲ್ಕು ಜನ ಗುದ್ದಲಿ ಹಿಡಿದು ಹತ್ತಿಬಂದರು. ಮುಂದಿದ್ದ ಮುಖಂಡ ಒದ್ದೆ ಬೊಡ್ಡೆ ನೋಡಿ, ತಂಗಿಯ ಕೈಲಿದ್ದ ಗೋಳ ನೋಡಿದ.

"ಬೆಂಕಿ ಇತ್ತಾ?"

"ಇಲ್ಲಪ್ಪ, ಸುಮ್ನೆ ಹೆದರಿದ್ವಿ. ಇವಳು ಮೊದಲಿಂದ ಹೀಗೇ, ಇಲಿ ಕಂಡ್ರೆ ಹುಲಿ ಅಂತಾಳೆ," ಎಂದು ಅಕ್ಕ ನಕ್ಕಳು.

"ಅಷ್ಟೇ ಆದ್ರೆ ಹೊರಡ್ತೀವಿ. ಹತ್ತಿಕೊಂಡಿತ್ತು ಅಂದ್ರೆ ಬುಡ ಅಗೆಯಬೇಕು. ಈ ಬೇರುಗಳು ಸುಟ್ಟು ಟೊಳ್ಳಾಗಿವೆ. ಕೆಂಡ ಒಳಗೆ ಕೂತರೆ ಇನ್ನೆಲ್ಲೋ ಎದ್ದುಬರುತ್ತೆ."

ತಂಗಿ ಅಕ್ಕನ ಮುಖ ನೋಡಿದಳು. ಅಕ್ಕ ಕಣ್ಣಲ್ಲೇ ಬೇಡ ಅಂದಳು.

"ಇತ್ತು," ಎಂದಳು ತಂಗಿ. "ಇಲ್ಲಿಂದ ಈ ಸೀಳಿನ ತನಕ. ಒಳಗಿಂದ ಹೊಗೆ ಬರ್ತಿತ್ತು."

ಅಕ್ಕ ತಿರುಗಿ ನೋಡದೆ ಗುಡ್ಡ ಇಳಿದುಹೋದಳು.

ಮುಖಂಡ ಬೈಯಲಿಲ್ಲ. ವೈರ್‌ಲೆಸ್ ಬಾಯಿಗೆ ಹಿಡಿದು ಗೋಪುರವನ್ನು ಕರೆದ. "ಗೋಳದಿಂದಲೇ ಹತ್ತಿದೆ. ಖಚಿತ." ಅತ್ತ ಕಡೆಯಿಂದ ಭಾವ, "ಆಯ್ತು, ಬರ್ಕೊಂಡೆ," ಎಂದದ್ದು ತಂಗಿಗೂ ಕೇಳಿಸಿತು.

ಗುದ್ದಲಿಗಳು ಬುಡಕ್ಕೆ ಬಿದ್ದವು. ಮೊಳದಾಳಕ್ಕೆ ಬೇರಿನ ಟೊಳ್ಳು ತೆರೆದುಕೊಂಡಿತು. ಮುಖಂಡ ಕೈಗವಸು ಕಳಚಿ, ಅಂಗೈಯ ಹಿಂಬದಿಯನ್ನು ಅದರ ಬಾಯಿಗೆ ಹಿಡಿದ. ತಟ್ಟನೆ ಹಿಂದಕ್ಕೆಳೆದುಕೊಂಡ.

"ಟ್ಯಾಂಕರ್ ಮೇಲೆ ಬರಲಿ!" ಎಂದು ಕೆಳಗೆ ಕೂಗಿದ. "ಆ ಜೀಪು ದಾರಿಗಡ್ಡ ಇದೆ, ತೆಗೀರಿ!"

ಎರಡನೇ ಸಲ ಕೂಗುವಷ್ಟರಲ್ಲಿ ಜೀಪು ಶುರುವಾಯಿತು. ಅಕ್ಕ ಅದನ್ನು ಹಿಂದಕ್ಕೆ ತಂದು, ಚರಂಡಿಯ ಅಂಚಿಗೆ ಒತ್ತಿ ನಿಲ್ಲಿಸಿ, ಕೈ ಹೊರಗೆ ಚಾಚಿ ಟ್ಯಾಂಕರನ್ನು ಮೇಲಕ್ಕೆ ಕರೆದಳು.